ಕೋಟೆಯೂ ಉಳಿಯಲಿ, ಊರೂ ಬೆಳೆಯಲಿ

ಮಡಿಕೇರಿಯ ಕೋಟೆಯ ಮಾತು ಬಂದೊಡನೆ ನಮ್ಮಲ್ಲಿ ಏಳುವ ಮೊದಲ ಪ್ರಶ್ನೆ ಅದು ಯಾರದು ಎಂಬುದು. ಅದು ನಿಲ್ಲುವುದೋ ಕುಸಿಯುವುದೋ ಎಂದು ಕೇಳುವವರು ವಿರಳ.

ಹದಿನೇಳನೆಯ ಶತಮಾನದ ಕೊನೆಯಲ್ಲಿ ಮುದ್ದುರಾಜರು ಮಣ್ಣಿನಿಂದ ಕಟ್ಟಿಸಿದ ಕೋಟೆಯನ್ನು ಟಿಪ್ಪು ಸುಲ್ತಾನರು ಕಲ್ಲಿನಲ್ಲಿ ಪುನಃ ಕಟ್ಟಿಸಿ, ಆ ನೆಲೆಯನ್ನು ಜಾಫರಾಬಾದ್ ಎಂದು ಕರೆದರು. 1790ರಲ್ಲಿ ಅದು ದೊಡ್ಡವೀರರಾಜೇಂದ್ರರ ಕೈಸೇರಿತು. ಒಳಗಿನ ಅರಮನೆ 1812-14ರಲ್ಲಿ ಲಿಂಗರಾಜೇಂದ್ರರ ಕಾಲದಲ್ಲಿ ಹೊಸ ರೂಪ ಪಡೆಯಿತು. 1834ರ ಬಳಿಕ ಬ್ರಿಟಿಷರು ಅಲ್ಲೊಂದು ಚರ್ಚ್ ಕಟ್ಟಿದರು. ಇಂದು ಅದು ವಸ್ತುಸಂಗ್ರಹಾಲಯ. ಇಷ್ಟು ಕೈಗಳು ಮುಟ್ಟಿದ ಕಟ್ಟಡಕ್ಕೆ ಒಬ್ಬನೇ ಒಡೆಯನನ್ನು ಹುಡುಕುವುದು ಹೇಗೆ? ಟಿಪ್ಪುವಿನ ಹೆಸರು ಕೊಡಗಿನ ಅನೇಕರಿಗೆ ನೋವಿನ ನೆನಪು. 2015ರ ನವೆಂಬರಿನಲ್ಲಿ ಆ ವಿವಾದ ಇದೇ ಮಡಿಕೇರಿಯಲ್ಲಿ ಜೀವಹಾನಿಗೂ ಕಾರಣವಾಯಿತು. ಆದುದರಿಂದಲೇ ಕೋಟೆಯನ್ನು ಹೆಸರಿನ ಜಗಳದಿಂದ ಹೊರಗಿಟ್ಟು ಕಾಯಬೇಕಾಗಿದೆ.

ಗದ್ದಿಗೆಗೆ ಹೋದವರು ಬಲ್ಲರು: ಕೊಡಗಿನ ಲಿಂಗಾಯತ ಅರಸರ ಸಮಾಧಿಗಳ ಮೇಲೆ ಗುಮ್ಮಟಗಳಿವೆ, ಮೂಲೆಗಳಲ್ಲಿ ಮಿನಾರುಗಳಿವೆ. 1820ರ ಓಂಕಾರೇಶ್ವರ ದೇವಾಲಯದ ಶಿಖರವೂ ಗುಮ್ಮಟವೇ. ನಮ್ಮವರ ಶೈಲಿಯನ್ನು ಆ ಅರಸರು ಸಂಕೋಚವಿಲ್ಲದೆ ಸ್ವೀಕರಿಸಿದ್ದರು.

ಅರಮನೆಯಲ್ಲಿ ದಶಕಗಳ ಕಾಲ ಸರಕಾರಿ ಕಚೇರಿಗಳು ನಡೆದವು. ಬಳಕೆಯಿದ್ದುದರಿಂದ ಕಟ್ಟಡ ಪಾಳು ಬೀಳಲಿಲ್ಲ ನಿಜ, ಆದರೆ ಅದೇ ಬಳಕೆಯಿಂದ ಅದು ಸವೆಯಿತು ಕೂಡ. ಕೊನೆಗೆ ವಿಷಯ ಹೈಕೋರ್ಟಿನ ಮೆಟ್ಟಿಲೇರಬೇಕಾಯಿತು.

ಇನ್ನೊಂದು ಪಕ್ಷವನ್ನೂ ಕೇಳೋಣ. 2010ರ ತಿದ್ದುಪಡಿಯ ಪ್ರಕಾರ, ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆ 200 ಮೀಟರ್ ವರೆಗೆ ಅನುಮತಿ ಅಗತ್ಯ. ಸೋರುವ ಮಾಡನ್ನು ರಿಪೇರಿ ಮಾಡಬೇಕಾದ ಬಡ ಕುಟುಂಬಕ್ಕೆ ಈ ಅಳತೆ ಭಾರವೇ. ಆ ಅನುಮತಿ ಮಳೆಗಾಲಕ್ಕೆ ಮೊದಲೇ ಸಿಗಬೇಕೆಂಬುದು ನ್ಯಾಯವಾದ ಬೇಡಿಕೆ. ಆದರೆ ಗುಡ್ಡ ಅಗೆದು ಮಹಡಿಯ ಮೇಲೆ ಮಹಡಿ ಏರಿಸುವವರು ಆ ಬಡವನ ಹೆಸರಿನಲ್ಲಿ ವಾದಿಸಬಾರದು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಮನೆಗಳ ಸಮೇತ ಜಾರಿದ್ದನ್ನು ನಾವೆಲ್ಲ ಕಂಡಿದ್ದೇವೆ.

ದಾರಿಯ ಅಗಲದ ಕುರಿತು ತಕರಾರು ಬಂದಾಗ ಏಳು ಮೊಳ ಬಿಡಬೇಕೆಂದು ಪ್ರವಾದಿ(ಸ)ರವರು ತೀರ್ಮಾನಿಸಿದ್ದು ಬುಖಾರಿಯಲ್ಲಿ ವರದಿಯಾಗಿದೆ. ಮದೀನಾದ ಹಳೆಯ ಕೋಟೆಮನೆಗಳು ಆ ನಗರದ ಶೋಭೆ, ಅವನ್ನು ಕೆಡವಬಾರದೆಂದು ಅವರು ತಡೆದ ವರದಿಯನ್ನು ಇಮಾಮ್ ತಹಾವಿ ನೀಡಿದ್ದಾರೆ. ಆ ಕೋಟೆಮನೆಗಳು ಇಸ್ಲಾಮಿನ ಆಗಮನಕ್ಕಿಂತ ಹಿಂದಿನವು ಎಂಬುದನ್ನು ಗಮನಿಸಬೇಕು. ದಾರಿಗೂ ಸ್ಥಳ ದೊರೆಯಿತು, ಪೂರ್ವಜರ ಗೋಡೆಗೂ ದೊರೆಯಿತು.

ಸರಕಾರಕ್ಕೆ ಬುದ್ಧಿ ಹೇಳುವುದು ಸುಲಭ. ನಮ್ಮ ಜಮಾಅತ್‌ಗಳು ಏನು ಮಾಡುತ್ತಿವೆ? ಹಂಚಿನ ಮಾಡು, ಮರದ ಕೆತ್ತನೆಯ ತೊಲೆಗಳಿದ್ದ ಹಳೆಯ ಮಸೀದಿಯನ್ನು ಕೆಡವಿ ಕಾಂಕ್ರೀಟಿನ ಮಿನಾರು ಎತ್ತುವುದನ್ನೇ ಪ್ರಗತಿಯೆಂದು ತಿಳಿದಿದ್ದೇವೆ. ನಮಾಝಿಗಳು ಹೆಚ್ಚಿದಾಗ ಸ್ಥಳ ಬೇಕು, ಒಪ್ಪೋಣ. ಆದರೆ ಹಳೆಯದನ್ನು ಉಳಿಸಿ ಪಕ್ಕದಲ್ಲಿ ವಿಸ್ತರಿಸಲು ಸಾಧ್ಯವೇ ಎಂದು ಅನುಭವಿ ಇಂಜಿನಿಯರ್ ಒಬ್ಬರನ್ನು ಕೇಳಿದ ಕಮಿಟಿಗಳೆಷ್ಟು? ಮುಂದಿನ ಮಹಾಸಭೆಯಲ್ಲಿ ಚಂದಾ ಪುಸ್ತಕ ತೆರೆಯುವ ಮೊದಲು ಈ ಪ್ರಶ್ನೆಯನ್ನು ಕಾರ್ಯಸೂಚಿಗೆ ಸೇರಿಸಲಿ. ಕೆಡವಲೇಬೇಕಾದರೆ ಅದಕ್ಕೂ ಮುನ್ನ ಕಟ್ಟಡದ ಅಳತೆ, ಚಿತ್ರ, ವಕ್ಫ್ ದಾಖಲೆಗಳ ಪ್ರತಿ ತೆಗೆದಿಡಲಿ. ಆ ತೊಲೆಗಳನ್ನು ಸೌದೆಯ ಬೆಲೆಗೆ ಮಾರದಿರಲಿ.