ವ್ಯಸನ ಚಿಕಿತ್ಸೆಯಲ್ಲಿ ಕೇಳದೆ ಉಳಿಯುವ ಪ್ರಶ್ನೆ

ಕುಡಿತ ಅಥವಾ ಮಾತ್ರೆಗಳ ಚಟ ಬಿಡಲು ಚಿಕಿತ್ಸೆಗೆ ಬರುವ ಅನೇಕ ಹೆಂಗಸರು ಬಾಲ್ಯದಲ್ಲಿ ದೌರ್ಜನ್ಯವನ್ನೂ ಮದುವೆಯ ಬಳಿಕ ಗಂಡನ ಹೊಡೆತವನ್ನೂ ಉಂಡವರು. 1998ರಲ್ಲಿ ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತು ಸಂಗಡಿಗರು ಬಾಲ್ಯದ ಏಳು ಬಗೆಯ ಕಷ್ಟಗಳನ್ನು ಲೆಕ್ಕಕ್ಕೆ ಹಿಡಿದರು. ಲೈಂಗಿಕ ದೌರ್ಜನ್ಯ, ಹೊಡೆತ, ತಾಯಿ ಏಟು ತಿನ್ನುವುದನ್ನು ನೋಡುತ್ತ ಬೆಳೆಯುವುದು ಅವುಗಳಲ್ಲಿ ಸೇರಿದ್ದವು. ನಾಲ್ಕು ಅಥವಾ ಹೆಚ್ಚು ಬಗೆಯವನ್ನು ಅನುಭವಿಸಿದವರಿಗೆ ಕುಡಿತದ ಚಟ, ಮಾದಕ ವಸ್ತುಗಳ ಸೇವನೆ, ಖಿನ್ನತೆ, ಆತ್ಮಹತ್ಯೆಯ ಯತ್ನದ ಅಪಾಯ 4ರಿಂದ 12 ಪಟ್ಟು ಹೆಚ್ಚಿತ್ತು.

ಪ್ರೀತಿಸಬೇಕಾದವರೇ ನೋಯಿಸುವ ಮನೆಯಲ್ಲಿ ಬೆಳೆದ ಹುಡುಗಿ ಬಾಯಿ ಮುಚ್ಚಿಕೊಂಡು ಬದುಕುವುದನ್ನು ಕಲಿಯುತ್ತಾಳೆ. ಮದುವೆಯ ಬಳಿಕ ಅಪಾಯದ ಸುಳಿವು ಸಿಕ್ಕರೂ ಅದು ಅವಳಿಗೆ ಹೊಸದೆನಿಸುವುದಿಲ್ಲ. ಮದ್ಯ ನಿದ್ದೆ ತರುತ್ತದೆ, ನೆನಪನ್ನು ಮಂಕಾಗಿಸುತ್ತದೆ. ಚಟ ಅಂಟಿದ ಮೇಲೆ ಆ ಚಟವೇ ಹೊಡೆಯಲು ಗಂಡನ ಕೈಗೆ ಸಿಗುವ ನೆಪವಾಗುತ್ತದೆ. ಹಾಗೆಂದು ಇದು ಹಣೆಬರಹವಲ್ಲ. ಹೊಡೆತದ ಹೊಣೆ ಹೊಡೆದವನದೇ, ಅವಳ ಬಾಲ್ಯದ್ದಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತೆಯರಲ್ಲಿ ಶೇ. 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 20.6 ಇತ್ತು. ಕುಡಿಯುವ ಹೆಂಗಸರು ಮಾತ್ರ ಲೆಕ್ಕದಲ್ಲಿ ಬಹಳ ಕಡಿಮೆ: 2019ರ ರಾಷ್ಟ್ರೀಯ ವರದಿಯಂತೆ ಮದ್ಯ ಸೇವಿಸುವ ಗಂಡಸರು ಶೇ. 27.3, ಹೆಂಗಸರು ಶೇ. 1.6. ಚಿಕಿತ್ಸೆಯ ವ್ಯವಸ್ಥೆಯೆಲ್ಲ ಗಂಡಸಿನ ಅಳತೆಗೆ ರೂಪುಗೊಂಡದ್ದಕ್ಕೆ ಈ ಅಂತರವೂ ಒಂದು ಕಾರಣ.

ಉಡುಪಿ ಜಿಲ್ಲೆಗೆ ಕುಡಿತ ಬಿಡಿಸುವ ಕೆಲಸ ಹೊಸದಲ್ಲ. ದೊಡ್ಡಣಗುಡ್ಡೆಯ ಎ.ವಿ. ಬಾಳಿಗಾ ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಎಷ್ಟೋ ಸಂಸಾರಗಳನ್ನು ಉಳಿಸಿವೆ. ಆದರೆ ಕುಟುಂಬವನ್ನು ಕರೆಸಿ ಕೂರಿಸುವ ಕ್ರಮದ ಹಿಂದೆ ಇರುವುದು ಕುಡಿಯುವ ಗಂಡ, ಆರೈಕೆ ಮಾಡುವ ಹೆಂಡತಿ ಎಂಬ ಚಿತ್ರ. ರೋಗಿ ಹೆಣ್ಣಾದಾಗ ಅವಳ ಪಕ್ಕದಲ್ಲಿ ಕೂತು ಅವಳ ಪರವಾಗಿ ಉತ್ತರ ಕೊಡುವವನೇ ಹೊಡೆಯುವವನಾಗಿರಬಹುದು. ಅವನೆದುರು ಏನು ಕೇಳಿದರೂ ‘ಏನಿಲ್ಲ’ ಎಂಬ ಉತ್ತರವೇ ಬರುತ್ತದೆ. ನಂದಿಕೂರು, ಕಾಪುವಿನಂಥ ಎಲ್ಲರಿಗೂ ಎಲ್ಲರ ಪರಿಚಯವಿರುವ ಊರುಗಳಿಂದ ಹೆಣ್ಣೊಬ್ಬಳು ಒಬ್ಬಳೇ ಚಿಕಿತ್ಸೆಗೆ ಹೋಗುವುದೂ ಸುಲಭವಲ್ಲ.

ಗಂಡನ ಮನೆ ಸರಿಹೋಗದಿದ್ದರೆ ತವರಿದೆ ಎಂಬ ಧೈರ್ಯವನ್ನು ತುಳುನಾಡಿನ ಹಲವು ಸಮುದಾಯಗಳ ಹೆಣ್ಣುಮಕ್ಕಳಿಗೆ, ತಾಯಿಯ ವಂಶದಲ್ಲಿ ಆಸ್ತಿ ಸಾಗುವ ಅಳಿಯಸಂತಾನ ಪದ್ಧತಿ ಕೊಟ್ಟಿತ್ತು. ಆದರೆ ಬಾಲ್ಯದ ದೌರ್ಜನ್ಯ ನಡೆದದ್ದೇ ಆ ತವರಿನಲ್ಲಾದರೆ ಅವಳಿಗೆ ಎರಡೂ ಬಾಗಿಲು ಮುಚ್ಚಿದಂತೆ. ‘ತವರಿಗೆ ಕಳಿಸಿ’ ಎಂಬ ಸಲಹೆ ಅಂಥವಳನ್ನು ಮತ್ತೆ ಮೊದಲಿನ ಗಾಯದ ಜಾಗಕ್ಕೇ ಒಯ್ಯುತ್ತದೆ.

ಹಳೆಯದನ್ನು ಕೆದಕಿದರೆ ಮತ್ತೆ ಕುಡಿತಕ್ಕೆ ಬೀಳುತ್ತಾಳೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಕೇಳುವುದೇ ಬೇರೆ, ಕೆದಕುವುದೇ ಬೇರೆ. ಮನಶ್ಶಾಸ್ತ್ರಜ್ಞೆ ಲೀಸಾ ನಜಾವಿಟ್ಸ್ ರೂಪಿಸಿದ ‘ಸೀಕಿಂಗ್ ಸೇಫ್ಟಿ’ ವಿಧಾನ ಹಳೆಯ ನೆನಪುಗಳ ವಿವರಕ್ಕೆ ಹೋಗದೆ, ಇಂದಿನ ಸುರಕ್ಷತೆಯನ್ನು ಮುಂದಿಟ್ಟು ಆಘಾತ ಮತ್ತು ಚಟ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಕೊಡುತ್ತದೆ. ಕುಡಿತ ಬಿಟ್ಟಾಗಿನ ನಡುಕ ಇಳಿದು ನಿದ್ದೆ ಬಂದ ಮೇಲೆ, ಏಕಾಂತದಲ್ಲಿ, ಸಮಾಲೋಚಕಿಯೊಬ್ಬರು ಹಿಂಸೆ ನಡೆದಿದೆಯೇ ಎಂದು ಕೇಳಿದರೆ ಸಾಕು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ರಕ್ಷಣೆಯ ಆದೇಶ ಮತ್ತು ವಾಸದ ಹಕ್ಕು ಎರಡನ್ನೂ ಕೊಡುತ್ತದೆ. ನೊಂದ ಹೆಂಗಸರಿಗೆ ನೆರವಾಗುವ ‘ಸಖಿ’ ಕೇಂದ್ರ, 181 ಸಹಾಯವಾಣಿ ಅದಕ್ಕೆ ದಾರಿ ತೋರಿಸುತ್ತವೆ. ಬಿಡುಗಡೆಯ ದಿನ ಔಷಧಿಯ ಚೀಟಿಯ ಜೊತೆಗೆ ಅವಳು ಎಲ್ಲಿಗೆ, ಯಾರ ಬಳಿಗೆ ಹೋಗುತ್ತಾಳೆ ಎಂಬುದೂ ಅವಳ ಬಾಯಿಂದಲೇ ಕೇಳಿ ಬರೆದಿರಬೇಕು.