ಅಳತೆ ಯಾರ ಕೈಯಲ್ಲಿದೆ

ಬೆಳಗಿನ ಆರು ಗಂಟೆಗೆ ಮಂಡ್ಯ ಜಿಲ್ಲೆ ಮದ್ದೂರಿನ ಬಳಿಯ ಗೆಜ್ಜಲಗೆರೆ ಸುತ್ತಿನ ಯಾವುದಾದರೂ ಊರಿನ ಡೇರಿ ಮುಂದೆ ನಿಂತು ನೋಡಿ. ಕ್ಯಾನು, ಉಗ್ಗ ಹಿಡಿದ ಹೆಂಗಸರು ಸಾಲಾಗಿ ಬರುತ್ತಾರೆ. ಕಾರ್ಯದರ್ಶಿ ಹಾಲನ್ನು ಒಮ್ಮೆ ಕಲಕಿ, ಪುಟ್ಟ ಬಾಟಲಿಗೆ ಒಂದಿಷ್ಟು ಹಿಡಿದು, ಯಂತ್ರದ ನಳಿಕೆಗೆ ಒಡ್ಡುತ್ತಾನೆ. ಸ್ವಲ್ಪ ಹೊತ್ತಿಗೆ ಅಂಕಿ ಮೂಡುತ್ತದೆ, ಚೀಟಿ ಹೊರಗೆ ಬರುತ್ತದೆ. ಮೊನ್ನೆ ನಾವು ಅಲ್ಲಿ ನಿಂತಿದ್ದಾಗ ಅರವತ್ತು ದಾಟಿದ ಒಬ್ಬ ತಾಯಿ ಆ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು, ‘ಫ್ಯಾಟು ಸರಿಯಾಗೇ ಅದೆ, ಎಸ್‌ಎನ್‌ಎಫ್ ಯಾಕೋ ಇಳ್ದದೆ ಕಣಪ್ಪ. ಎರಡು ದಿನ ಹಿಂಡಿ ಕಮ್ಮಿ ಮಾಡಿದ್ನಲ್ಲ, ಅದ್ಕೇ ಇರ್ಬೇಕು’ ಅಂದರು.

ಎಸ್‌ಎನ್‌ಎಫ್ ಅಂದರೆ ಜಿಡ್ಡು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶ. ಪ್ರೋಟೀನು, ಹಾಲಿನ ಸಕ್ಕರೆ, ಖನಿಜಗಳೆಲ್ಲ ಅದರಲ್ಲಿ ಸೇರಿವೆ. ಆ ತಾಯಿ ಇಷ್ಟನ್ನು ಯಾವ ತರಗತಿಯಲ್ಲೂ ಕೂತು ಕಲಿತವರಲ್ಲ. ಆದರೆ ಅಂಕಿ ಇಳಿದರೆ ದುಡ್ಡು ಇಳಿಯುತ್ತದೆ, ಅಂಕಿ ಇಳಿಯುವುದಕ್ಕೆ ಕಾರಣ ತನ್ನ ಕೊಟ್ಟಿಗೆಯಲ್ಲೇ ಇದೆ ಎಂಬುದು ಅವರಿಗೆ ಗೊತ್ತು.

ಅಲ್ಲಿಂದ ಒಂದೆರಡು ಮೈಲಿ ಆಚೆಗೆ ಆಲೆಮನೆ. ಗಾಣದಿಂದ ಬಂದ ಹಾಲು (ಇಲ್ಲಿ ಕಬ್ಬಿನ ರಸಕ್ಕೂ ಹಾಲು ಎಂದೇ ಹೆಸರು) ಕೊಪ್ಪರಿಗೆಯಲ್ಲಿ ಕುದಿಯುತ್ತಿದೆ. ಒಲೆಯ ಬಾಯಿಗೆ ಒಣಗಿದ ಸಿಪ್ಪೆ ಬೀಳುತ್ತಲೇ ಇದೆ. ಮೇಲೆ ಬಂದ ಕರಿ ಮಡ್ಡಿಯನ್ನು ಒಬ್ಬ ಜಾಲರಿಯಲ್ಲಿ ತೆಗೆಯುತ್ತಾನೆ, ಇನ್ನೊಬ್ಬ ಸುಣ್ಣದ ತಿಳಿ ಹಾಕುತ್ತಾನೆ. ಪಾಕ ಹದಕ್ಕೆ ಬರುವ ಹೊತ್ತಿಗೆ ಒಂದು ಡಬ್ಬಿಯಿಂದ ಬಿಳಿ ಪುಡಿ ಬೀಳುತ್ತದೆ. ಅದೇ ಹೈಡ್ರೋಸ್, ಸೋಡಿಯಂ ಹೈಡ್ರೋಸಲ್ಫೈಟ್. ಕಂದು ಪಾಕ ನೋಡನೋಡುತ್ತ ಹೊಂಬಣ್ಣಕ್ಕೆ ತಿರುಗುತ್ತದೆ. ‘ಮನೆಗೆ ಬೇರೆ ಮಾಡ್ಕೊತೀವಿ, ಅದ್ಕೆ ಇದ್ನ ಹಾಕಲ್ಲ’ ಎಂದರು ಆಲೆಮನೆ ಯಜಮಾನರು, ಮುಚ್ಚುಮರೆಯಿಲ್ಲದೆ. ‘ಕರೀ ಬೆಲ್ಲ ಹೊತ್ಕೊಂಡು ಮಂಡಿಗೆ ಹೋದ್ರೆ ಯಾರೂ ತಿರುಗಿ ನೋಡಲ್ಲ. ನಾನೇನ್ ಮಾಡ್ಲಿ?’

ಅವರನ್ನು ದೂರಲು ನಮಗೆ ಮನಸ್ಸು ಬರಲಿಲ್ಲ. ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಬೇರೆ ಇದ್ದಾರೆ.

ಹೈಡ್ರೋಸ್‌ಗೆ ಬದಲಿ ಇಲ್ಲವೆಂದಲ್ಲ. ಬೆಂಡೆ ಗಿಡದ ಕಾಂಡ, ಬೇರು ಜಜ್ಜಿ ನೀರಲ್ಲಿ ನೆನೆಸಿದರೆ ಲೋಳೆ ಬಿಡುತ್ತದೆ. ಕಾಯುತ್ತಿರುವ ರಸಕ್ಕೆ ಅದನ್ನು ಸುರಿದರೆ ಲೋಳೆ ಹೆಪ್ಪುಗಟ್ಟಿ, ರಸದಲ್ಲಿ ತೇಲುವ ಕಸರು, ಮೇಣ, ಮಣ್ಣನ್ನೆಲ್ಲ ಅಪ್ಪಿಕೊಂಡು ಮೇಲೆ ಬರುತ್ತದೆ, ಮಡ್ಡಿಯ ಜೊತೆ ತೆಗೆದುಬಿಡಬಹುದು. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಕೃಷಿ ವಿಜ್ಞಾನಿಗಳು ಇದನ್ನು ಪ್ರಯೋಗಕ್ಕೆ ಒಡ್ಡಿ ಖಚಿತಪಡಿಸಿಕೊಂಡು, ಸಾವಯವ ಬೆಲ್ಲದ ತರಬೇತಿಗಳಲ್ಲಿ ಮತ್ತೆ ಹೇಳಿಕೊಟ್ಟರು. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬೆಲ್ಲದ ಮೇಲೆ ಕೆಲಸ ನಡೆದಿದೆ. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಯೋಜನೆಯಲ್ಲಿ ಮಂಡ್ಯಕ್ಕೆ ಬೆಲ್ಲವೇ ಆಯ್ಕೆಯಾಗಿದೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 70 ಭಾಗ ಮೀರಬಾರದೆಂಬ ನಿಯಮವೂ ಇದೆ. ಇಷ್ಟೆಲ್ಲ ಇದ್ದೂ ಆ ಡಬ್ಬಿ ಆಲೆಮನೆ ಬಿಟ್ಟು ಹೋಗಿಲ್ಲ.

ಏಕೆ? ಹಾಲಿನ ಗುಣ ಅಳೆಯುವ ಯಂತ್ರ ಊರಿನ ಮಧ್ಯದಲ್ಲಿದೆ, ಅದರ ಅಂಕಿ ಹಾಲು ತಂದವರ ಕೈಗೇ ಸಿಗುತ್ತದೆ, ಆ ಅಂಕಿಗೇ ದುಡ್ಡು ಹುಟ್ಟುತ್ತದೆ. ಬೆಲ್ಲವನ್ನು ಕೊಳ್ಳುವವನು ಕಣ್ಣಳತೆಯಲ್ಲಿ ಕೊಳ್ಳುತ್ತಾನೆ. ಗಂಧಕ ಅಳೆಯುವ ಉಪಕರಣ ಪಟ್ಟಣದ ಪ್ರಯೋಗಶಾಲೆಯಲ್ಲಿದೆ. ಬಣ್ಣಕ್ಕೆ ಬೆಲೆ ಇರುವವರೆಗೆ ಬಣ್ಣವನ್ನೇ ಬೇಯಿಸುತ್ತಾರೆ. ವಿಶ್ವವಿದ್ಯಾಲಯದ ಸಂಶೋಧನೆ ನಮ್ಮ ಸೀಮೆಗೆ ಏನು ಕೊಟ್ಟಿತು ಎಂದು ನೂರಕ್ಕೂ ಮಿಕ್ಕಿದ ವರ್ಷಗಳತ್ತ ತಿರುಗಿ ನೋಡಿದಾಗ ಮತ್ತೆ ಮತ್ತೆ ಎದುರಾದದ್ದು, ಅಳತೆ ಯಾರ ಕೈಯಲ್ಲಿದೆ ಎಂಬ ಈ ಒಂದೇ ಸಂಗತಿ.

1916ರಿಂದ ಶುರುಮಾಡೋಣ. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು ಆ ವರ್ಷದ ಜುಲೈನಲ್ಲಿ. ಬೆಂಗಳೂರಿನಲ್ಲಿ ಸರ್ಕಾರದ ಗಂಧದೆಣ್ಣೆ ಕಾರ್ಖಾನೆ ಶುರುವಾದದ್ದೂ ಅದೇ ವರ್ಷ. ಅಲ್ಲಿಯವರೆಗೆ ನಮ್ಮ ಗಂಧದ ಕೊರಡು ಹರಾಜಾಗಿ ಹಡಗು ಹತ್ತುತ್ತಿತ್ತು, ಹೆಚ್ಚಿನದು ಜರ್ಮನಿಯಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಬಂದು ಆ ದಾರಿ ಮುಚ್ಚಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಟಾಟಾ ಇನ್‌ಸ್ಟಿಟ್ಯೂಟಿನ (ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ) ಕಡೆ ನೋಡಿದರು. ಅಲ್ಲಿನ ರಸಾಯನಶಾಸ್ತ್ರಜ್ಞರಾದ ಸಡ್‌ಬರೊ ಮತ್ತು ವಾಟ್ಸನ್ ಎಣ್ಣೆ ಬಟ್ಟಿ ಇಳಿಸುವ ಕ್ರಮವನ್ನು ಕುದುರಿಸಿದರು. ಮರುವರ್ಷ ಮೈಸೂರಿನಲ್ಲಿ ಇನ್ನೊಂದು ಕಾರ್ಖಾನೆ, ಆಮೇಲೆ ಎಸ್.ಜಿ. ಶಾಸ್ತ್ರಿಗಳ ಕೈಯಲ್ಲಿ ಮೈಸೂರು ಸ್ಯಾಂಡಲ್ ಸೋಪು. ಎಣ್ಣೆಯ ಬೆಲೆ ನಿರ್ಧಾರವಾಗುತ್ತಿದ್ದುದು ಅದರಲ್ಲಿನ ಸ್ಯಾಂಟಲಾಲ್ ಎಂಬ ಸಂಯುಕ್ತದ ಮೇಲೆ. ನೂರಕ್ಕೆ ತೊಂಬತ್ತು ಭಾಗಕ್ಕೆ ಕಡಿಮೆಯಿರುವ ಎಣ್ಣೆ ಔಷಧದ ಪೇಟೆಗೆ ಆಗದು. ಆ ಅಳತೆಯನ್ನು ಮೈಸೂರಿನವರು ತಮ್ಮ ಕೈಗೆ ತೆಗೆದುಕೊಂಡ ಮೇಲೆಯೇ ಕೊರಡು ಮಾರುತ್ತಿದ್ದ ನಾಡು ಎಣ್ಣೆ ಮಾರುವ ನಾಡಾಯಿತು.

ಅದೇ ಕಾಲಕ್ಕೆ ಕನ್ನಂಬಾಡಿಯಲ್ಲಿ ಕಟ್ಟೆ ಏಳುತ್ತಿತ್ತು. ಸಿಮೆಂಟ್ ದುಬಾರಿ. ಇಟ್ಟಿಗೆಯನ್ನು ನುಣ್ಣಗೆ ಪುಡಿಮಾಡಿ ಸುಣ್ಣದ ಜೊತೆ ಅರೆದ ಸುರ್ಕಿ ಗಾರೆಯಲ್ಲಿ ಕಲ್ಲು ಕೂರಿಸಿದರು. ಇವತ್ತು ಮದ್ದೂರಿನ ಗದ್ದೆಗೆ ನೀರು ಬರುವುದು ಆ ಗಾರೆ ತಡೆದು ನಿಲ್ಲಿಸಿದ ನೀರಿನಿಂದ. 

ನೀರು ಬಂದಮೇಲೆ ಬೆಳೆ ಬದಲಾಗಬೇಕಿತ್ತು. ಕೃಷಿ ಇಲಾಖೆಯನ್ನು ಕಟ್ಟಿದ ಕೆನಡಾದ ಲೆಸ್ಲಿ ಕೋಲ್‌ಮನ್ ಅವರ ಕಾಲದಲ್ಲಿ ನಾಲೆ ಬದಿಯ ಫಾರಂ ಶುರುವಾಯಿತು, 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆಯೂ ಬಂತು. ಇರ್ವಿನ್ ನಾಲೆ ಮುಂದೆ ವಿಶ್ವೇಶ್ವರಯ್ಯ ನಾಲೆಯಾಯಿತು, ಫಾರಂ ವಿ.ಸಿ. ಫಾರಂ ಆಯಿತು. 1964ರಲ್ಲಿ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಫಾರಂ ಅದರ ಆಡಳಿತಕ್ಕೆ ಬಂತು. ಇಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರನ್ನು ನೆನೆಯದೆ ಮುಂದೆ ಹೋಗಲಾರೆವು. ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಅವರು ತೆಗೆದ ತಳಿಗಳೇ ಇಂಡಾಫ್. ರಾಗಿ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು, ತನ್ನೊಳಗೇ ಪರಾಗ ಕಟ್ಟಿಕೊಳ್ಳುವಂಥದ್ದು. ಅದಕ್ಕೆ ಬೇರೆ ಪರಾಗ ಮುಟ್ಟಿಸುವುದೆಂದರೆ ತಪಸ್ಸು. ಇಂಡಾಫ್ ಊರೂರಿಗೆ ಹರಡಲು ಯಾರೂ ಡಂಗುರ ಹೊಡೆಯಬೇಕಾಗಲಿಲ್ಲ. ರೈತ ತನ್ನ ಕಣದಲ್ಲಿ ತಾನೇ ಅಳೆದುಕೊಂಡ, ಪಕ್ಕದ ಹೊಲದವನು ಬಂದು ಅರ್ಧ ಸೇರು ಬಿತ್ತನೆ ಕೇಳಿಕೊಂಡು ಹೋದ. ‘ಇಂಡಾಫು’ ಎಂಬುದು ಊರ ಮಾತಾಯಿತು. ಇದಕ್ಕಿಂತ ದೊಡ್ಡ ಪ್ರಶಸ್ತಿ ಒಬ್ಬ ವಿಜ್ಞಾನಿಗೆ ಇರಲಾರದು ಎಂದೇ ನಮ್ಮ ನಂಬಿಕೆ.

ಮದ್ದೂರಿಗೆ ಬಡಗಲಲ್ಲಿ, ಗಡಿ ದಾಟಿದರೆ ಕುಣಿಗಲ್ ತಾಲ್ಲೂಕು. ಅಲ್ಲಿನ ಉಂಗ್ರ, ಪುರ ಎಂಬ ಹಳ್ಳಿಗಳ ಕಥೆಯನ್ನು ನಮ್ಮ ಜಿಲ್ಲೆಯವರು ಇನ್ನೂ ಚೆನ್ನಾಗಿ ತಿಳಿದುಕೊಳ್ಳಬೇಕಿತ್ತು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಅಸ್ತ್ರ ಎಂಬ ಕೇಂದ್ರ ಕಟ್ಟಿದರು. ಹಳ್ಳಿಗೆ ಬೇಕಾದ ವಿಜ್ಞಾನವನ್ನು ಹಳ್ಳಿಯಲ್ಲೇ ಕೂತು ಮಾಡಬೇಕೆಂದು ಉಂಗ್ರದಲ್ಲಿ ನೆಲೆ ಮಾಡಿಕೊಂಡರು. ಪುರದಲ್ಲಿ ಊರಿಗೆಲ್ಲ ಒಂದೇ ಗೊಬ್ಬರ ಅನಿಲದ ಸ್ಥಾವರ ಹೂಡಿ, ಮನೆಮನೆಗೆ ಅಡುಗೆ ಅನಿಲ ಕೊಡಲು ಹೊರಟರು. ಸಗಣಿ ಸಾಲಲಿಲ್ಲ, ಅನಿಲ ಎಲ್ಲರ ಒಲೆಗೂ ತಲುಪಲಿಲ್ಲ, ಯೋಜನೆ ನಿಂತೇ ಹೋಯಿತು. ಆಗ ವಿಜ್ಞಾನಿಗಳು ಊರವರನ್ನು ಕೇಳಿದರು. ಊರವರಿಗೆ ಮೊದಲು ಬೇಕಿದ್ದದ್ದು ಕುಡಿಯುವ ನೀರು. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ ಕೊಳವೆ ಬಾವಿಯ ನೀರು ಎತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ಬಗ್ಗಡ ಗೊಬ್ಬರವಾಗಿ ವಾಪಸು ಹೋಯಿತು. ಸೋತದ್ದನ್ನು ಮರೆಮಾಚದೆ, ಏಕೆ ಸೋತೆವೆಂದು ಬರೆದಿಟ್ಟರಲ್ಲ, ಆ ಪ್ರಾಮಾಣಿಕತೆ ನಮಗೆ ಸ್ಥಾವರಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಅಸ್ತ್ರದವರ ಮಣ್ಣಿನ ಇಟ್ಟಿಗೆಯ ಗತಿ ಬೇರೆಯಾಯಿತು. ಕೆ.ಎಸ್. ಜಗದೀಶ್ ಮತ್ತವರ ಜೊತೆಗಾರರು ಸ್ಥಳೀಯ ಮಣ್ಣಿಗೆ ಮರಳು, ಒಂದಿಷ್ಟು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ನೀರು ಚಿಮುಕಿಸಿ ಹದಗೊಳಿಸುವ ಇಟ್ಟಿಗೆ ರೂಪಿಸಿದರು. ಗೂಡಿಗೆ ಹಾಕಿ ಸುಡಬೇಕಿಲ್ಲ, ಸೌದೆ ಬೇಕಿಲ್ಲ. ಬೆಂಗಳೂರಿನಲ್ಲಿ ಪರಿಸರದ ಕಾಳಜಿಯುಳ್ಳವರು ಇದರಲ್ಲಿ ಚಂದದ ಮನೆ ಕಟ್ಟಿಕೊಂಡಿದ್ದಾರೆ. ಹಳ್ಳಿಗೆಂದು ಹುಟ್ಟಿದ ವಸ್ತು ನಗರದ ಬಡಾವಣೆ ಸೇರಿತು, ನಮ್ಮ ಊರುಗಳಲ್ಲಿ ಸುಟ್ಟ ಇಟ್ಟಿಗೆ, ಸಿಮೆಂಟ್ ಬ್ಲಾಕು. ಮಣ್ಣಿನ ಮನೆ ಎಂದರೆ ಬಡವರ ಮನೆ ಎಂಬ ಭಾವನೆ ಒಂದು ಕಾರಣ. ಇನ್ನೊಂದು ಕಾರಣ ಅಳತೆಯದ್ದೇ. ಜೇಡಿ ಎಷ್ಟಿದೆ, ಮರಳು ಎಷ್ಟು ಬೇಕು ಎಂದು ಪರೀಕ್ಷಿಸಿ ಹೇಳುವ ವಿದ್ಯೆ ಊರಿನ ಗಾರೆಯವರ ಕೈಗೆ ಬರಲಿಲ್ಲ. ಸುಟ್ಟ ಇಟ್ಟಿಗೆಯನ್ನು ಬೆರಳಿನಲ್ಲಿ ತಟ್ಟಿ ‘ಠಣ್’ ಎಂದರೆ ಸಾಕು, ಅವರಿಗೆ ನಂಬಿಕೆ ಬರುತ್ತದೆ. ಮಣ್ಣಿನ ಇಟ್ಟಿಗೆಗೆ ಅಂಥ ಒಂದು ‘ಠಣ್’ ಅನ್ನು ಯಾರೂ ಕಲಿಸಿಕೊಡಲಿಲ್ಲ.

ಇದೇ ನಂಬಿಕೆಯ ಪ್ರಶ್ನೆ ಹೊಂಗೆಗೂ ಇದೆ. ಅದರ ವಿಷಯ ಇಷ್ಟೇ ಹೇಳಿ ಮುಗಿಸುತ್ತೇವೆ: ಸೊಪ್ಪನ್ನು ಗದ್ದೆಗೆ ತುಳಿದು, ಎಣ್ಣೆಯಲ್ಲಿ ದೀಪ ಹಚ್ಚಿದ ಜನ ನಾವು. ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಜೈವಿಕ ಇಂಧನ ಉದ್ಯಾನ ಮಾಡಿ ಅದೇ ಎಣ್ಣೆಯಿಂದ ಎಂಜಿನ್ ಓಡಿಸಿ ತೋರಿಸಿದೆ. ಬದುವಿನ ಹೊಂಗೆ ಕಾಯಿಗೆ ಊರಲ್ಲೇ ನಂಬಿಕೆಯ ಬೆಲೆ ಸಿಕ್ಕಿದರೆ ಉಳಿದದ್ದು ತಾನಾಗಿ ಆಗುತ್ತದೆ.

ಇನ್ನು ಮಾತು. ಸಂಶೋಧನೆಯನ್ನು ಜನರಿಗೆ ಮುಟ್ಟಿಸುವುದರಲ್ಲಿ ನಮ್ಮ ಹಿರಿಯರು ನಮಗಿಂತ ಮುಂದಿದ್ದರು. ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದ್ದು 1917ರಷ್ಟು ಹಿಂದೆ. ಎರಡೇ ವರ್ಷ ಬದುಕಿದ ಪತ್ರಿಕೆ ಅದು. ಮೈಸೂರು ವಿಶ್ವವಿದ್ಯಾಲಯದ ಅಧ್ಯಾಪಕರು ಊರುಗಳಿಗೆ ಹೋಗಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು, ಅವು ಪುಟ್ಟ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಸಿಗುತ್ತಿದ್ದವು. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಪುಟ್ಟ ಪ್ರೇಷಕ ಇಟ್ಟುಕೊಂಡು ಬಾನುಲಿ ನಡೆಸಿದರು. ಇಡೀ ದೇಶದ ರೇಡಿಯೋಗೆ ಹೆಸರಾದ ‘ಆಕಾಶವಾಣಿ’ ಎಂಬ ಮಾತು ಮೊದಲು ಕೇಳಿಸಿದ್ದು ಆ ಮನೆಯಿಂದ. ಒಬ್ಬ ಪ್ರಾಧ್ಯಾಪಕ ಸ್ವಂತ ಖರ್ಚಿನಲ್ಲಿ ಇಷ್ಟು ಮಾಡಿದ ನಾಡಿದು.

ಈಚೆಗೆ ನಮ್ಮ ಮೇಜಿನ ಮೇಲೆ ಬಂದ ಒಂದು ಕರಪತ್ರದಲ್ಲಿ ‘ಸಸ್ಯಜನ್ಯ ನಿರ್ಮಲೀಕಾರಕ’ ಎಂದಿತ್ತು. ನಾಲ್ಕು ಸಾಲು ಓದಿದ ಮೇಲೆ ತಿಳಿಯಿತು, ಬೆಂಡೆ ಲೋಳೆ! ಬರೆದವರ ಉದ್ದೇಶ ಒಳ್ಳೆಯದೇ. ಆದರೆ ಆಲೆಮನೆಯ ಶಾಖದಲ್ಲಿ ನಿಂತವನಿಗೆ ಆ ಮಾತು ತನ್ನದೆನಿಸದು. ಪ್ರಬಂಧ ಇಂಗ್ಲಿಷಿನಲ್ಲಿ ಬರೆದು, ಅದರ ಸಾರವನ್ನು ಕೊನೆಗೆ ಅವಸರದಲ್ಲಿ ಕನ್ನಡಕ್ಕೆ ತಿರುಗಿಸಿದರೆ ಹೀಗೇ ಆಗುತ್ತದೆ. ಡೇರಿಯಲ್ಲಿ ‘ಎಸ್‌ಎನ್‌ಎಫ್’ ಎಂಬ ಪೂರಾ ಇಂಗ್ಲಿಷ್ ಮಾತೇ ನಿಂತಿತಲ್ಲ ಎಂದು ಯಾರಾದರೂ ಕೇಳಬಹುದು. ಹೌದು, ದಿನಾ ಎರಡು ಹೊತ್ತು ಬಳಕೆಗೆ ಬಿದ್ದ ಮಾತು ಯಾವ ಭಾಷೆಯದಾದರೂ ನಿಲ್ಲುತ್ತದೆ.

2022ರ ಡಿಸೆಂಬರಿನಲ್ಲಿ ಗೆಜ್ಜಲಗೆರೆಯಲ್ಲಿ ದಿನಕ್ಕೆ 10 ಲಕ್ಷ ಲೀಟರ್ ಹಾಲು ಹಿಡಿಸುವ ಮೆಗಾ ಡೇರಿ ಉದ್ಘಾಟನೆಯಾಯಿತು. ಅಷ್ಟು ದೊಡ್ಡ ಕಟ್ಟಡ ನಿಂತಿರುವುದು ಊರೂರಿನ ಆ ಪುಟ್ಟ ಬಾಟಲಿಯ ಮೇಲೆ. ಈಗ ವಿ.ಸಿ. ಫಾರಂ ಅನ್ನೇ ಕೇಂದ್ರವಾಗಿಟ್ಟುಕೊಂಡು ಮಂಡ್ಯಕ್ಕೆ ತನ್ನದೇ ಕೃಷಿ ವಿಶ್ವವಿದ್ಯಾಲಯ ಬರುತ್ತಿದೆ. ಅದರ ಮುಂದೆ ನಾವು ಇಡುವ ಬೇಡಿಕೆ ದೊಡ್ಡದೇನಲ್ಲ. ಸಲ್ಫೈಟ್ ಇದ್ದರೆ ಬಣ್ಣ ಬದಲಿಸಿ ತೋರಿಸುವ ಕಾಗದದ ಪಟ್ಟಿಗಳು ಜಗತ್ತಿಗೆ ಹೊಸತಲ್ಲ. ನಮ್ಮ ಬೆಲ್ಲಕ್ಕೆ ಒಪ್ಪುವಂತೆ ಅದನ್ನು ಹದಗೊಳಿಸಿ, ಅಗ್ಗ ಮಾಡಿ, ಆಲೆಮನೆಗೂ ಮಂಡಿಗೂ ಒಂದೊಂದು ಡಬ್ಬಿ ಕೊಡಿ. ಪಟ್ಟಿ ತೋರಿಸಿದ ಬಣ್ಣಕ್ಕೆ ತಕ್ಕಂತೆ ದರ ಕೂಗುವ ಪದ್ಧತಿಯನ್ನು ಮಾರುಕಟ್ಟೆ ಸಮಿತಿಗಳ ಜೊತೆ ಕೂತು ಗೊತ್ತುಮಾಡಿ. ಅದರ ಬಳಕೆಯನ್ನು ಆಲೆಮನೆಯವರಿಂದಲೇ ಅವರ ಮಾತಿನಲ್ಲಿ ಹೇಳಿಸಿ, ಬಾನುಲಿಯಲ್ಲಿ ಕೇಳಿಸಿ.

ಹೊರಡುವಾಗ ಯಜಮಾನರು ಒಳಗಿನಿಂದ ಮುತ್ತುಗದ ಎಲೆಯಲ್ಲಿ ಒಂದು ತುಂಡು ತಂದುಕೊಟ್ಟರು. ಮನೆಗೆಂದು ಮಾಡಿದ ಬೆಲ್ಲ. ಹುಣಸೆಹಣ್ಣಿನಂಥ ಬಣ್ಣ, ಮುರಿದಲ್ಲಿ ಹರಳು ಹರಳು, ಬಾಯಿಗಿಟ್ಟರೆ ಕಬ್ಬಿನದೇ ಘಮ. ‘ಇದ್ನ ಯಾರ್ ಕೊಳ್ತಾರೆ ಸ್ವಾಮಿ’ ಅಂದರು.