ಪರೀಕ್ಷಕನು ಯಾರ ಅಧೀನ?

ರೈಲಿನ ಟಿಕೆಟು ಕೊಂಡ ಪ್ರಯಾಣಿಕನು ಹಳಿಗಳನ್ನು ಮುಟ್ಟಿ ನೋಡುವುದಿಲ್ಲ. ಸಿಗ್ನಲ್ಲಿನ ತಂತಿಗಳನ್ನು ಪರೀಕ್ಷಿಸುವುದಿಲ್ಲ. ತನ್ನ ಜೀವವನ್ನು ಕಾಣದ ಕೈಗಳಿಗೆ ಒಪ್ಪಿಸಿ ಕುಳಿತುಕೊಳ್ಳುತ್ತಾನೆ. ಅಕ್ಷರವರಿಯದ ನನ್ನ ತಾಯಿಯೂ, ಬಿ.ಎ. ಕೊನೆಯ ವರ್ಷದಲ್ಲಿರುವ ನಾನೂ ಈ ವಿಷಯದಲ್ಲಿ ಸಮಾನರು. ಆದುದರಿಂದ ಪ್ರಯಾಣಿಕನ ಪರವಾಗಿ ನೋಡುವ ಕಣ್ಣೊಂದು ಬೇಕು. ಆ ಕಣ್ಣು ಯಾರ ಅಧೀನದಲ್ಲಿರಬೇಕು ಎಂಬುದೇ ಇಲ್ಲಿಯ ಪ್ರಶ್ನೆ.

ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಹಳೆಯದೊಂದು ಉತ್ತರವಿದೆ. ಬ್ರಿಟಿಷರ ಕಾಲದಲ್ಲಿ ರೈಲ್ವೆ ಇನ್‌ಸ್ಪೆಕ್ಟರುಗಳು ರೈಲ್ವೆ ಮಂಡಳಿಯ ಕೈಕೆಳಗಿದ್ದರು. ವಿದ್ಯಾರ್ಥಿಯು ತನ್ನ ಉತ್ತರಪತ್ರಿಕೆಗೆ ತಾನೇ ಅಂಕ ಹಾಕಿಕೊಳ್ಳುವಂತಹ ಏರ್ಪಾಡು ಅದು. 1941ರಲ್ಲಿ ಅವರನ್ನು ಮಂಡಳಿಯಿಂದ ಬೇರ್ಪಡಿಸಲಾಯಿತು. 1961ರಲ್ಲಿ ಆ ಸಂಸ್ಥೆಗೆ ರೈಲ್ವೆ ಸುರಕ್ಷತಾ ಆಯೋಗವೆಂಬ ಹೆಸರು ಬಂದಿತು. ಇಂದು ಅದು ಇರುವುದು ರೈಲ್ವೆ ಸಚಿವಾಲಯದಲ್ಲಲ್ಲ, ನಾಗರಿಕ ವಿಮಾನಯಾನ ಸಚಿವಾಲಯದಲ್ಲಿ! ಕೇಳಿದವರಿಗೆ ಇದು ವಿನೋದವಾಗಿ ತೋರಬಹುದು. ಆದರೆ ಇದರಲ್ಲಿ ದೊಡ್ಡ ವಿವೇಕವಿದೆ.

1956ರಲ್ಲಿ ಅರಿಯಲೂರಿನ ದುರಂತವಾದಾಗ ರೈಲ್ವೆ ಸಚಿವರಾಗಿದ್ದ ಲಾಲ್ ಬಹಾದುರ್ ಶಾಸ್ತ್ರಿಯವರು ರಾಜೀನಾಮೆಯಿತ್ತರು. ಆ ನೈತಿಕ ಧೈರ್ಯಕ್ಕೆ ತಲೆಬಾಗೋಣ. ಆದರೆ ರಾಜೀನಾಮೆಯಿಂದ ಸೇತುವೆ ಗಟ್ಟಿಯಾಗುವುದಿಲ್ಲ. ಕಾರಣವನ್ನು ಹುಡುಕಿದರೆ ಮಾತ್ರ ಗಟ್ಟಿಯಾದೀತು. 2023ರ ಜೂನ್ 2ರಂದು ಒಡಿಶಾದ ಬಾಲಾಸೋರ್ ಜಿಲ್ಲೆಯಲ್ಲಿ 290ಕ್ಕೂ ಹೆಚ್ಚು ಜನರು ಮಡಿದಾಗ ವಿಧ್ವಂಸಕ ಕೃತ್ಯವೆಂಬ ಮಾತು ಹಬ್ಬಿತ್ತು. ಸುರಕ್ಷತಾ ಆಯುಕ್ತರ ವಿಚಾರಣೆಯಾದರೋ ಸಿಗ್ನಲ್ ತಂತಿಗಳ ಕೆಲಸದಲ್ಲಾದ ಲೋಪವನ್ನು ಎತ್ತಿ ತೋರಿಸಿತು.

ವಿಮಾನಗಳ ವಿಷಯದಲ್ಲಿ ಈ ವಿವೇಕ ನಮಗೆ ತಡವಾಗಿ ಬಂದಿತು. ವಿಮಾನಯಾನದ ನಿಯಮಗಳನ್ನು ಜಾರಿಗೆ ತರುವ ಮಹಾನಿರ್ದೇಶನಾಲಯವೇ ಅಪಘಾತಗಳ ತನಿಖೆಯನ್ನೂ ಮಾಡುತ್ತಿತ್ತು. 2010ರ ಮೇ 22ರಂದು ನಮ್ಮ ಮಂಗಳೂರಿನಲ್ಲಿ 158 ಜನರು ಬಲಿಯಾದರು. ಅನಂತರ, 2012ರಲ್ಲಿ, ವಿಮಾನ ಅಪಘಾತ ತನಿಖಾ ಸಂಸ್ಥೆ ಪ್ರತ್ಯೇಕವಾಗಿ ಸ್ಥಾಪಿತವಾಯಿತು. ಆದರೂ ಎರಡೂ ಇರುವುದು ಒಂದೇ ಸಚಿವಾಲಯದ ಸೂರಿನ ಕೆಳಗೆ. ಅಮೆರಿಕದಲ್ಲಿ 1967ರಲ್ಲಿ ಹುಟ್ಟಿದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯನ್ನು 1975ರಲ್ಲಿ ಸಾರಿಗೆ ಇಲಾಖೆಯಿಂದ ಸಂಪೂರ್ಣವಾಗಿ ಬಿಡಿಸಿದರು. ನಾವೂ ಆ ಹೆಜ್ಜೆಯನ್ನಿಡಬೇಕು.

ಪರಿಣತರು ಆಯಾ ಇಲಾಖೆಯಿಂದಲೇ ಬರಬೇಕಲ್ಲವೇ ಎಂದು ಕೆಲವರು ಕೇಳಬಹುದು. ಬರಲಿ, ಹಳಿಯನ್ನರಿಯದವನು ಹಳಿಯನ್ನು ಪರೀಕ್ಷಿಸಲಾರನು. ಆದರೆ ಅವರ ಬಡ್ತಿಯೂ ವರ್ಗಾವಣೆಯೂ ಆ ಇಲಾಖೆಯ ಕೈಯಲ್ಲಿರಬಾರದು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರಿಗೆ ಈ ನೀತಿ ತಿಳಿದಿತ್ತು.

ಇನ್ನು ರಸ್ತೆಯ ಮಾತು. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನರು ಸತ್ತರು. ರೈಲು, ವಿಮಾನಗಳ ಅಪಘಾತವಾದರೆ ಆಯುಕ್ತರು ಬರುತ್ತಾರೆ, ತಜ್ಞರು ಬರುತ್ತಾರೆ. ಹಳ್ಳಿಯ ತಿರುವಿನಲ್ಲಿ ಬಸ್ಸು ಮಗುಚಿದರೆ ಪೋಲೀಸರು ಬಂದು ಚಾಲಕನ ಮೇಲೆ ಮೊಕದ್ದಮೆ ಹೂಡುತ್ತಾರೆ. ತಿರುವನ್ನು ಹಾಗೆ ಕಟ್ಟಿದವರಾರು, ಎಚ್ಚರಿಕೆಯ ಫಲಕವೇಕೆ ಇರಲಿಲ್ಲ ಎಂದು ಕೇಳುವವರು ವಿರಳ. ಬಡವರು ಹೆಚ್ಚಾಗಿ ಸಾಯುವುದು ರಸ್ತೆಯಲ್ಲೇ. ವಿಚಾರಣೆ ಕಡಿಮೆಯಾಗಿರುವುದೂ ಅಲ್ಲಿಯೇ. ಇದು ನ್ಯಾಯವೇ?

ರೈಲು, ವಿಮಾನ, ರಸ್ತೆ ಮೂರಕ್ಕೂ ಇಲಾಖೆಗಳ ಹಂಗಿಲ್ಲದ ಒಂದೇ ಸುರಕ್ಷತಾ ಮಂಡಳಿ ಬೇಕು. ಅದು ಸಂಸತ್ತಿಗೆ ಉತ್ತರ ಕೊಡಬೇಕು. ಅದರ ವರದಿಗಳು ಜನರ ಭಾಷೆಗಳಲ್ಲಿ ಪ್ರಕಟವಾಗಬೇಕು. ನಮ್ಮಲ್ಲಿ ಕೆಲವರು ನಾಳೆ ಅಧಿಕಾರಿಗಳಾಗುವರು, ಕೆಲವರು ಪತ್ರಕರ್ತರಾಗುವರು. ಎಲ್ಲರೂ ಪ್ರಯಾಣಿಕರಂತೂ ಆಗಿಯೇ ಇರುವೆವು. ಮುಂದಿನ ದುರಂತಕ್ಕೆ ಕಾಯದೆ ಈ ಬೇಡಿಕೆಯನ್ನು ಇಂದೇ ಎತ್ತುವುದು ವಿದ್ಯಾವಂತರಾದ ನಮ್ಮ ಕರ್ತವ್ಯ.